ಕೆಂಚಪ್ಪ ನಿಂತಿದ್ದ ಜಾಗ

ಫುಟ್‌ಬಾಲ್ ಫೈನಲ್ ಪಂದ್ಯದ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹೊಳೆಯಲ್ಲಿ ನೀರೇ ಕಾಣುತ್ತಿರಲಿಲ್ಲ, ಬರೀ ದೋಣಿಗಳು. ಆಚೆದಡದ ಊರು ಪೂರ್ತಿ ಎದ್ದು ಬರುತ್ತಿತ್ತು. ಡೋಲು, ಪೀಪಿ, ಬುತ್ತಿ, ಕೈಕೂಸು, ಏನೂ ಬಿಟ್ಟಿರಲಿಲ್ಲ. ಒಂದು ದೋಣಿಯಲ್ಲಂತೂ ಮದುವೆ ದಿಬ್ಬಣವೇ ಇತ್ತು. ಮುಹೂರ್ತ ಮುಗಿದ ಕೂಡಲೇ ಗಂಡು ಹೆಣ್ಣು ಬಾಸಿಂಗ ಕೂಡ ಬಿಚ್ಚದೆ ಪಂದ್ಯ ನೋಡಲು ಹೊರಟುಬಿಟ್ಟಿದ್ದರು. ನಮ್ಮ ದಡದ ತಂಡ ಫೈನಲ್ ಮುಟ್ಟಿದ್ದು ಅದೇ ಮೊದಲು, ಚೀಟಿ ಎತ್ತಿದಾಗ ಮೈದಾನವೂ ನಮ್ಮದೇ ಬಂದಿತ್ತು. ನನ್ನ ಅತ್ತೆ ದೊಡ್ಡತಾಯಮ್ಮ ನಸುಕಿಗೇ ಸ್ನಾನ ಮಾಡಿ, ಮೈದಾನದ ಪಕ್ಕದ ಮೋಟುಗೋಡೆಯ ಮೇಲೆ ಗೋಣಿಚೀಲ ಹಾಸಿ ನಮ್ಮಿಬ್ಬರಿಗೂ ಜಾಗ ಹಿಡಿದು ಬಂದಿದ್ದರು.

"ಚೆಲುವೀ, ಒಲೆ ಆರಿಸೇ! ಇವತ್ತು ಯಾರಿಗೆ ಹಸಿವಾಗುತ್ತೆ?" ಅಂತ ಅಂಗಳದಿಂದಲೇ ಕೂಗಿದರು.

ನಮ್ಮ ತಂಡ ಫೈನಲ್‌ಗೆ ಬಂದದ್ದೇ ಒಂದು ಸೋಜಿಗ. ಯಾಕೆಂದರೆ ನಮ್ಮ ಮೈದಾನದಲ್ಲಿ ನಮ್ಮವರು ಗೋಲ್‌ಕೀಪರ್ ಇಲ್ಲದೆ ಆಡುತ್ತಿದ್ದರು. ಹೊಳೆ ಕಡೆಯ ಗೋಲುಕಂಬಗಳ ನಡುವೆ ಯಾರೂ ಕಾಲಿಡುತ್ತಿರಲಿಲ್ಲ. ಅದು ನನ್ನ ಗಂಡ ಕೆಂಚಪ್ಪನ ಜಾಗ. ಕೆಂಚಪ್ಪ ಯುದ್ಧಕ್ಕೆ ಹೋದವನು ಕಾಣೆಯಾಗಿ ಏಳನೇ ವರ್ಷ ನಡೆಯುತ್ತಿತ್ತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಾಳಲ್ಲ ಇವಳು ಅಂತ ಕೆಲವರು ಮೂಗು ಮುರಿಯುತ್ತಾರೆ. ನಾನು ಹೇಳದಿದ್ದರೆ ಇನ್ಯಾರು ಹೇಳಬೇಕು? ಕೆಂಚಪ್ಪ. ನೀರು ಸೇದುವಾಗ ಹೇಳುತ್ತೇನೆ, ಬಟ್ಟೆ ಒಗೆಯುವಾಗ ಹೇಳುತ್ತೇನೆ.

ನಮ್ಮ ಊರಿನಲ್ಲಿ ಒಬ್ಬರು ಬಹಳ ಕಾಲ ಕೂತ ಅಥವಾ ನಿಂತ ಜಾಗದಲ್ಲಿ ಅವರದು ಉಳಿದುಕೊಳ್ಳುತ್ತದೆ. ಅವರು ಇಲ್ಲದಾಗ ಊರಿನ ಇನ್ನೊಬ್ಬರು ಹೋಗಿ ಅಲ್ಲಿ ನಿಂತರೆ ಅದು ಅಂಟುತ್ತದೆ, ಹೊರಗಿನವರಿಗೆ ಅಂಟುವುದಿಲ್ಲ. ಹೊರಗಿನಿಂದ ವರ್ಗವಾಗಿ ಬಂದ ಪೋಸ್ಟ್‌ಮಾಸ್ಟರು, ಮನೆ ಮಾಡಿ ಇಲ್ಲಿಯವರೇ ಆದಮೇಲೆ ಒಂದು ದಿನ ಹಳೆಯ ಪೋಸ್ಟ್‌ಮಾಸ್ಟರ ಕುರ್ಚಿಯಲ್ಲಿ ಕೂತು ಸಂಜೆಯವರೆಗೂ ನಶ್ಯಕ್ಕಾಗಿ ಜೇಬು ತಡಕಿದರು. ಜನ್ಮದಲ್ಲಿ ನಶ್ಯ ಮುಟ್ಟಿದವರಲ್ಲ ಅವರು. ಹೋಟೆಲು ನಡೆಸುವವನ ಮಗ, ಅಪ್ಪ ತೀರಿಕೊಂಡಮೇಲೆ ಗಲ್ಲಾಪೆಟ್ಟಿಗೆಯನ್ನು ಇನ್ನೊಂದು ಮೂಲೆಗೆ ಸರಿಸಿದ. "ಅಪ್ಪನ ಹೋಟೆಲು ಬೇಕು, ಅಪ್ಪನ ಸಿಟ್ಟು ಬೇಡ" ಅಂದ. ಆದರೆ ಅಂಟುವುದು ಒಂದೇ ಸಲ. ಮೊದಲು ನಿಂತವರಿಗೆ ಸಿಕ್ಕಷ್ಟು ಸಿಕ್ಕಿತು, ಆಮೇಲೆ ಅದು ಬರೀ ಕುರ್ಚಿ, ಬರೀ ನೆಲ. ಹೋದವರು ತಾವೇ ಬಂದು ನಿಂತರೆ ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕೇ ದೂರ ಹೋದವರ ಜಾಗಗಳನ್ನು ನಮ್ಮಲ್ಲಿ ಕಾಯುತ್ತೇವೆ. ಜಗಲಿಯ ಮೇಲೆ ಮಗುಚಿ ಹಾಕಿದ ಚೆಂಬು ಕಂಡರೆ ಅಲ್ಲಿ ಯಾರೂ ಕೂರುವುದಿಲ್ಲ. ನಮ್ಮ ಮೈದಾನದಲ್ಲಿ ಅರ್ಧ ಆಟ ಮುಗಿದಮೇಲೂ ತಂಡಗಳು ಬದಿ ಬದಲಾಯಿಸುವುದಿಲ್ಲ. ಹೊಳೆ ಕಡೆಯ ಗೋಲು ಯಾವತ್ತೂ ನಮ್ಮದು, ಹುಣಸೆಮರದ ಕಡೆಯದು ಬಂದವರದು. ಮೇಕೆಗಳಿಗೆ ಏನೂ ಅಂಟುವುದಿಲ್ಲವಾದ್ದರಿಂದ ಕೆಂಚಪ್ಪನ ಗೋಲಿನಲ್ಲಿ ಮೇಕೆಗಳು ಮಾತ್ರ ಆರಾಮಾಗಿ ಮೇಯುತ್ತಿದ್ದವು.

ಕೆಂಚಪ್ಪ ಸೈನ್ಯದಲ್ಲಿ ಫೋನಿನ ತಂತಿ ಎಳೆಯುವ ದಳದಲ್ಲಿದ್ದ. ರಜೆಗೆ ಬಂದರೆ ಮನೆಗಿಂತ ಮೈದಾನದಲ್ಲೇ ಹೆಚ್ಚು. ಮದುವೆಯಾದ ಹೊಸತರಲ್ಲಿ ನಾನು ಅವನ ಮುಖ ನೋಡಿದ್ದಕ್ಕಿಂತ ಈ ಗೋಡೆಯ ಮೇಲಿಂದ ಅವನ ಬೆನ್ನು ನೋಡಿದ್ದೇ ಜಾಸ್ತಿ. ಯುದ್ಧ ಶುರುವಾದಾಗ ರಜೆ ಅರ್ಧಕ್ಕೇ ಬಿಟ್ಟು ಹೋದ. ಮಳೆ ನಿಂತ ತಿಂಗಳಲ್ಲಿ ಒಬ್ಬ ಅಧಿಕಾರಿ ದೋಣಿಯಲ್ಲಿ ಬಂದರು. ನಮ್ಮ ಜಗಲಿಯ ಮೇಲೆ ಕೂರದೆ, ಟೋಪಿ ಕೈಯಲ್ಲಿ ಹಿಡಿದು ನಿಂತೇ ಹೇಳಿದರು. ಹಿಮದ ಬೆಟ್ಟದಲ್ಲಿ ಗುಂಡಿನ ಏಟಿಗೆ ತಂತಿ ತುಂಡಾಗಿತ್ತಂತೆ. ಮೇಲಿನ ಠಾಣೆಯಲ್ಲಿದ್ದವರ ಗತಿ ಏನಾಯಿತೆಂದು ಕೆಳಗಿನವರಿಗೆ ತಿಳಿಯುವಂತಿರಲಿಲ್ಲ. ಕೆಂಚಪ್ಪ ಒಬ್ಬನೇ ತಂತಿಯ ಸುರುಳಿ ಹೊತ್ತು ಹತ್ತಿದ. ಮಧ್ಯಾಹ್ನದ ಹೊತ್ತಿಗೆ ಫೋನು ಗುಣಗುಟ್ಟಿತು, ಮೇಲಿನವರ ದನಿ ಕೇಳಿಸಿತು. "ತಂತಿ ಜೋಡಣೆಯಾಗಿತ್ತಮ್ಮ. ಅವನು ಮಾತ್ರ ಇಳಿದು ಬರಲಿಲ್ಲ. ಹುಡುಕಿದೆವು. ಸಿಗಲಿಲ್ಲ. ಸತ್ತ ಅಂತಲೂ ಹೇಳುವಂತಿಲ್ಲ, ಇದ್ದಾನೆ ಅಂತಲೂ ಹೇಳುವಂತಿಲ್ಲ" ಅಂದರು.

ಅಲ್ಲಿಂದ ನಾವಿಬ್ಬರೂ ಮನೆಯಲ್ಲಿದ್ದ ಅವನ ಜಾಗಗಳನ್ನು ಕಾಯತೊಡಗಿದೆವು. ಕಾದಷ್ಟೂ ಕಳೆದವು. ಒಂದು ಮಧ್ಯಾಹ್ನ ಜ್ವರದ ಮಂಪರಿನಲ್ಲಿ ಅತ್ತೆ ಅವನ ಮಂಚದ ಮೇಲೆ ಉರುಳಿಬಿಟ್ಟರು. ಎದ್ದಾಗ ಅವನ ಹಾಗೇ ಮೈಮುರಿದು, ಅವನ ಹಾಗೇ "ಅಯ್ಯಯ್ಯಯ್ಯೋ" ಅಂತ ಉದ್ದಕ್ಕೆ ಆಕಳಿಸಿದರು. ಇಬ್ಬರೂ ಎಷ್ಟು ನಕ್ಕೆವೆಂದರೆ ಪಕ್ಕದ ಮನೆಯವರು ಓಡಿ ಬಂದರು. ಮಾರನೆಯ ದಿನ ನಾನೂ ಆಸೆಯಿಂದ ಮಲಗಿ ನೋಡಿದೆ. ಬರೀ ಹಗ್ಗದ ಮಂಚ. ಸೈಕಲ್ಲಿನ ಸೀಟು ನನ್ನ ಪಾಲಿಗೆ ಬಂತು. ಸಂತೆಗೆ ತುರ್ತಾಗಿ ಹೋಗಬೇಕಾಗಿ ಹತ್ತಿದವಳು ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತಾ ಹೋದೆ, ಆಮೇಲೆ ಅದೂ ಮುಗಿಯಿತು. ಅವನು ಬೂಟು ಕಟ್ಟಿಕೊಳ್ಳುತ್ತಿದ್ದ ಮೆಟ್ಟಿಲಿನ ಮೇಲೆ, ಚೆಂಬು ಕಾಣದೆ, ಸೌದೆ ಮಾರುವವನು ಕೂತ. ಅವನಿಗೆ ಏನು ಅಂಟಿತೋ ನಮಗೆ ಗೊತ್ತೇ ಆಗಲಿಲ್ಲ. ಹೀಗೆ ಒಂದೊಂದೇ ಹೋಗಿ, ಕೊನೆಗೆ ಕೆಂಚಪ್ಪ ಇಡಿಯಾಗಿ ಉಳಿದಿದ್ದದ್ದು ಹೊಳೆ ಕಡೆಯ ಆ ಗೋಲಿನಲ್ಲಿ ಮಾತ್ರ.

ಅದನ್ನು ಕಾಯಿರಿ ಅಂತ ನಾನು ಯಾರಿಗೂ ಹೇಳಿರಲಿಲ್ಲ. ಸುದ್ದಿ ಬಂದ ವಾರವೇ ತಂಡದ ಕ್ಯಾಪ್ಟನ್ ಮಸ್ತಾನ್ ಗೋಲಿನ ಮುಂದೆ ಸುಣ್ಣದಲ್ಲಿ ಕಮಾನಿನ ಗೆರೆ ಎಳೆದ. "ಇದರೊಳಗೆ ನಮ್ಮವರು ಯಾರೂ ಕಾಲಿಡಬಾರದು. ಕೆಂಚಣ್ಣ ಬರೋವರೆಗೂ ಹೀಗೇ" ಅಂದ. ಮೊದಲ ವರ್ಷ ಹೀನಾಯವಾಗಿ ಸೋತರು. ನೋಡಲು ಬಂದವರು ಹೊಟ್ಟೆ ಹಿಡಿದು ನಗುತ್ತಿದ್ದರು. ಎರಡನೇ ವರ್ಷ ಚೆಂಡು ಆ ಗೆರೆಯ ಹತ್ತಿರ ಬಾರದ ಹಾಗೆ ಆಡುವುದನ್ನು ಕಲಿತರು. ಹನ್ನೊಂದೂ ಜನ ಬೀದಿನಾಯಿಗಳ ಹಾಗೆ ಎದುರಾಳಿಯ ಕಾಲಿಗೆ ಬಿದ್ದು ಚೆಂಡು ಕಸಿಯುವರು. ಬಂದವರು ಎರಡು ಹೊಡೆದರೆ ಇವರು ಮೂರು ಹೊಡೆಯುವರು. ಹೊಳೆಯಾಚೆಯ ಮೈದಾನಗಳಲ್ಲಿ ಆಡುವಾಗ ಶಿವಲಿಂಗು ಅನ್ನುವ ಹುಡುಗ ಕೀಪರ್ ಆಗಿ ನಿಲ್ಲುತ್ತಿದ್ದ. ನಮ್ಮ ಮೈದಾನದಲ್ಲಿ ಅವನೂ ಮುಂದೆ ಹೋಗಿ ಆಡುತ್ತಿದ್ದ.

ಫೈನಲ್ಲಿನ ಆಟವನ್ನು ನಾನು ಹೇಗೆ ಹೇಳಲಿ! ಆಚೆದಡದ ಲಾರೆನ್ಸ್ ಅಂದರೆ ಸುತ್ತಿನಲ್ಲೆಲ್ಲ ಹೆಸರು. ಎತ್ತರದ ಆಳು, ಕೋಲಿನಂಥ ಕಾಲು. ಕೆಂಚಪ್ಪನಿಗೂ ಅವನಿಗೂ ಹಳೆಯ ಜಿದ್ದು, ಹಳೆಯ ಸ್ನೇಹ. ಅವನು ಮೈದಾನದ ನಡುವಿನಿಂದಲೇ ಎತ್ತಿ ಹೊಡೆದು ಎರಡು ಗೋಲು ಮಾಡಿದ. ಚೆಂಡು ಸುಣ್ಣದ ಗೆರೆ ದಾಟಿ ಉರುಳುತ್ತಾ ಒಳಗೆ ಹೋಗುವುದನ್ನು ನಮ್ಮವರು ಗೆರೆಯ ಈಚೆ ನಿಂತು ಕೈಕೈ ಹಿಸುಕಿಕೊಂಡು ನೋಡಿದರು. ಆಮೇಲೆ ಮಸ್ತಾನ್ ತಲೆಯಿಂದ ಒಂದು, ಶಿವಲಿಂಗು ಒಂದು. ಅವರು ಮತ್ತೊಂದು. ನಾವು ಮತ್ತೊಂದು. ಅತ್ತೆ ಗೋಡೆಯ ಮೇಲೆ ಎದ್ದು ನಿಂತುಬಿಟ್ಟರು. ಮಂಡಿ ನೋವಿಗೆ ರಾತ್ರಿಯೆಲ್ಲಾ ನರಳುವ ಹೆಂಗಸು, "ಒದಿಯೋ! ಒದಿಯೋ ಅವನ ಚೆಂಡಿಗೆ!" ಅಂತ ಕುಣಿಯುತ್ತಿದ್ದರು. ಬಾಸಿಂಗದ ಮದುಮಗಳು ಆಚೆದಡದವಳಾದರೂ ನಮ್ಮ ಮಸ್ತಾನ್ ಗೋಲು ಹೊಡೆದಾಗ ಚಪ್ಪಾಳೆ ತಟ್ಟಿ, ಗಂಡನಿಂದ ತಿವಿಸಿಕೊಂಡಳು. ಕೊನೆಯ ಸೀಟಿ ಊದಿದಾಗ ಎರಡೂ ಕಡೆ ಐದೈದು ಗೋಲು.

ಗದ್ದಲದಲ್ಲಿ ರೆಫರಿ ಕೈಯೆತ್ತಿ ಪೆನಾಲ್ಟಿ ಅಂದರು. ಒಂದು ಕ್ಷಣ ಯಾರಿಗೂ ಹೊಳೆಯಲಿಲ್ಲ. ಹೊಳೆದಾಗ ಇಡೀ ಮೈದಾನ ತಣ್ಣಗಾಯಿತು. ಪೆನಾಲ್ಟಿಯಲ್ಲಿ ಚೆಂಡು ಕಸಿಯುವ ಹಾಗಿಲ್ಲ, ಅಡ್ಡ ಬರುವ ಹಾಗಿಲ್ಲ. ಒದೆಯುವವನೊಬ್ಬ, ಗೋಲಿನಲ್ಲಿ ನಿಲ್ಲುವವನೊಬ್ಬ.

ರೆಫರಿ ದೂರದಿಂದ ಬಂದವರು. "ನಿಮ್ಮ ಕೀಪರ್ ಎಲ್ಲಿ?" ಅಂತ ಮಸ್ತಾನನನ್ನು ಕೇಳಿದರು.

"ಯುದ್ಧಕ್ಕೆ ಹೋಗಿದಾನೆ ಸಾರ್."

"ಯಾವ ಯುದ್ಧ? ಎಲ್ಲಾ ಯುದ್ಧ ಮುಗಿದು ಎಷ್ಟು ಕಾಲವಾಯ್ತು! ಯಾರಾದರೂ ಒಬ್ಬರು ನಿಲ್ಲಬೇಕು. ಇಲ್ಲದಿದ್ದರೆ ಆಟ ಬಿಟ್ಟುಕೊಟ್ಟಿರಿ ಅಂತ ಬರೆದುಕೊಳ್ಳುತ್ತೇನೆ."

ಮಸ್ತಾನ್ ಗೋಡೆಯ ಕಡೆ ನಡೆದು ಬಂದ. ಅವನ ಹಿಂದೆ ಇಡೀ ತಂಡ, ತಂಡದ ಹಿಂದೆ ಅರ್ಧ ಊರು. ಅವನ ಮೊಣಕಾಲಿನಿಂದ ರಕ್ತ ಸೋರುತ್ತಿತ್ತು. ನನ್ನ ಮುಖ ನೋಡಲಾರದೆ ಗೋಣಿಚೀಲ ನೋಡುತ್ತಾ ಮಾತಾಡಿದ.

"ಅಕ್ಕಾ, ನೀವು ಬೇಡ ಅಂದ್ರೆ ಬೇಡ. ಇಲ್ಲಿಗೇ ಮುಗಿಸ್ತೀವಿ. ಎರಡನೇ ಬಹುಮಾನವೂ ಬಹುಮಾನವೇ. ಹೂಂ ಅಂದ್ರೆ ಶಿವಲಿಂಗೂನ ನಿಲ್ಲಿಸ್ತೀನಿ. ಕೆಂಚಣ್ಣನ ಆಟ ಅವನಿಗೆ ಬರುತ್ತೆ. ಆದ್ರೆ..." ಆದರೆ ಆಮೇಲೆ ಅಲ್ಲಿ ಏನೂ ಉಳಿಯುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಬೇಡ ಅನ್ನಲು ಬಾಯಿ ತೆರೆದೆ. ಏಳು ವರ್ಷ ಆ ಎರಡು ಕಂಬಗಳನ್ನು ನೋಡಿಕೊಂಡೇ ಬದುಕಿದವಳು ನಾನು. ಅಲ್ಲಿಗೆ ಹೋಗಿ ನಿಲ್ಲಬೇಕು ಅಂತ ಎಷ್ಟೋ ಸಂಜೆ ಅನ್ನಿಸಿತ್ತು, ಗೆರೆಯವರೆಗೆ ಹೋಗಿ ಹಿಂದಿರುಗಿದ್ದೆ. ಕಂಬಗಳ ನಡುವೆ ನಿಲ್ಲುವುದೆಂದರೆ ಅವನು ಬರುವುದಿಲ್ಲ ಅಂತ ಒಪ್ಪಿದ ಹಾಗೆ.

ಅತ್ತೆ ನನ್ನ ಮೊಣಕೈ ಹಿಡಿದರು. "ಶಿವಲಿಂಗು ಯಾಕೆ?" ಅಂದರು.

"ಮತ್ತಿನ್ಯಾರಮ್ಮಾ?" ಅಂದ ಮಸ್ತಾನ್.

"ಇವಳು."

"ಅತ್ತೇ!"

"ಏನು ಅತ್ತೆ? ನನ್ನ ಮಂಡಿ ಸರಿಯಿದ್ದಿದ್ರೆ ನಿನ್ನನ್ನ ಕೇಳ್ತಾನೂ ಇರಲಿಲ್ಲ, ನಾನೇ ಓಡಿ ಹೋಗ್ತಿದ್ದೆ. ನಂಗೆ ಅವನ ಆಕಳಿಕೆ ಸಿಕ್ತು. ನಿಂಗೆ ಬರೀ ಶಿಳ್ಳೆ ಸಿಕ್ತು. ಅವನು ಬಂದ ಅಂದ್ಕೋ, ತಾನೇ ಹೋಗಿ ನಿಂತು ಮತ್ತೆ ತುಂಬ್ಕೋತಾನೆ. ಬರಲಿಲ್ಲ ಅಂದ್ಕೋ. ಅದನ್ನ ಯಾರಿಗೆ ಅಂತ ಇಟ್ಕೊಂಡಿರ್ತೀಯೆ, ಆ ಮೇಕೆಗಳಿಗಾ?"

ಸುತ್ತ ಯಾರೋ ಕಿಸಕ್ಕನೆ ನಕ್ಕರು. ನನಗೂ ನಗು ಬಂತು, ಅದರ ಬೆನ್ನಿಗೇ ಅಳು. ಎರಡನ್ನೂ ನುಂಗಿಕೊಂಡು ಗೋಡೆಯಿಂದ ಧುಮುಕಿದೆ. ಸೀರೆ ಎತ್ತಿ ಕಚ್ಚೆ ಹಾಕಿದ ಹಾಗೆ ಸೊಂಟಕ್ಕೆ ಸಿಕ್ಕಿಸಿದೆ. ಬಳೆ ಬಿಚ್ಚಿ ಅತ್ತೆಯ ಕೈಗೆ ಕೊಟ್ಟೆ.

ರೆಫರಿ ಕಕ್ಕಾಬಿಕ್ಕಿಯಾದರು. "ಏನಿದು ತಮಾಷೆ? ಈಕೆ ತಂಡದಲ್ಲಿಲ್ಲ!" ಅಂದರು. ಆಗ ಮಾತಾಡಿದ್ದು ಲಾರೆನ್ಸ್. ಚೆಂಡನ್ನು ಕಂಕುಳಲ್ಲಿ ಅಮುಕಿಕೊಂಡು ಹತ್ತಿರ ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕೆಂಚನ ಹೆಂಡ್ತಿ ಅಲ್ವಾ? ನಿಲ್ಲಲಿ ಬಿಡಿ ಸಾರ್. ನಮ್ಮದೇನೂ ತಕರಾರಿಲ್ಲ." ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, "ಮೆತ್ತಗೆ ಒದೀತೀನಿ ಅಂತ ಮಾತ್ರ ಅಂದ್ಕೋಬೇಡಿ. ಅವನು ಕೇಳಿದ್ರೆ ಬೈತಾನೆ" ಅಂದ.

ಸುಣ್ಣದ ಗೆರೆ ದಾಟಿದೆ. ಹುಲ್ಲು ಮೆತ್ತಗಿತ್ತು, ಮೇಕೆ ಹಿಕ್ಕೆ ಕಾಲಿಗೆ ತಾಗಿತು. ಕಂಬಗಳ ನಡುವೆ ನಿಂತೆ. ಏನೂ ಆಗಲಿಲ್ಲ. ಹೊಳೆಯ ಗಾಳಿ ಬೆನ್ನಿಗೆ ಬೀಸುತ್ತಿತ್ತು. ಅಷ್ಟೇನಾ ಅನ್ನಿಸಿತು. ತಡವಾಯಿತೇನೋ, ಮಳೆ ಬಿಸಿಲಿಗೆ ಎಲ್ಲ ಹೋಗಿಬಿಟ್ಟಿತೇನೋ ಅಂದುಕೊಳ್ಳುತ್ತಿದ್ದಂತೆ ನನ್ನ ಕೈ ತಾನಾಗಿ ಎಡಗಂಬವನ್ನು ಎರಡು ಸಲ ತಟ್ಟಿತು. ಮಕ್ಕಳ ಬೆನ್ನು ತಟ್ಟುವ ಹಾಗೆ. ಜನರ ನಡುವಿನಿಂದ ಯಾರೋ "ಕೆಂಚಾ!" ಅಂತ ಕಿರುಚಿದರು. ಆಮೇಲೆ ಮೈದಾನವೆಲ್ಲ ಅದೇ ಕೂಗು.

ಆಗ ನನ್ನ ಮಂಡಿಗಳು ನಡುಗತೊಡಗಿದವು.

ಮೊದಲು ನನ್ನ ಹೆದರಿಕೆ ಅಂದುಕೊಂಡೆ. ಆದರೆ ನನ್ನ ಹೆದರಿಕೆ ನನಗೆ ಗೊತ್ತು, ಅದು ಗಂಟಲಿಗೆ ಬಂದು ಕೂರುತ್ತದೆ. ಮಂಡಿಗೆ ಇಳಿಯುವುದಿಲ್ಲ. ಇದು ಮಂಡಿಯಲ್ಲೇ ಹುಟ್ಟಿದ ನಡುಕ, ಹಗ್ಗ ಜಗ್ಗಿದ ಗಂಟೆಯ ಹಾಗೆ ಎರಡೂ ಮಂಡಿ ಒಂದಕ್ಕೊಂದು ಬಡಿಯುತ್ತಿದ್ದವು. ಇದು ಕೆಂಚಪ್ಪನದು! ಪ್ರತಿವರ್ಷ ಶಾಲೆಯ ಮುಂದೆ ಅವನ ಫೋಟೋಕ್ಕೆ ಹೂವಿನ ಹಾರ ಹಾಕಿ, ಭಯ ಅಂದರೇನೆಂದು ತಿಳಿಯದ ಗಂಡು ಅಂತ ಭಾಷಣ ಮಾಡುತ್ತಾರಲ್ಲ, ಆ ಕೆಂಚಪ್ಪ ಗೋಲಿನಲ್ಲಿ ನಿಂತು ಪ್ರತಿ ಚೆಂಡಿಗೂ ಹೀಗೆ ಗಡಗಡ ನಡುಗುತ್ತಿದ್ದ. ಅವನ ದೊಗಲೆ ಪ್ಯಾಂಟು ಅದನ್ನು ಮುಚ್ಚುತ್ತಿತ್ತು. ಗೋಡೆಯ ಮೇಲೆ ಕೂತ ನನಗೇ ಗೊತ್ತಿರಲಿಲ್ಲ. ನನ್ನ ತುಟಿ ಏನೋ ಗೊಣಗುತ್ತಿತ್ತು. ಕಿವಿಗೊಟ್ಟು ಕೇಳಿಸಿಕೊಂಡರೆ, "ಬ್ಯಾಡ ನನ್ನಪ್ಪಾ, ಬ್ಯಾಡ ನನ್ನಪ್ಪಾ, ಬಾ ನನ್ನಪ್ಪಾ" ಅಂತ ಚೆಂಡನ್ನು ಬೇಡಿಕೊಳ್ಳುತ್ತಿದ್ದೆ. ಆ ನಡುಕದ ತಳದಲ್ಲಿ ಎಂಥ ಖುಷಿಯಿತ್ತು ಅಂದರೆ, ಮರದ ಕೊಂಬೆಗೆ ಹಗ್ಗ ಬಿಗಿದು ಜೋತಾಡಿ ಹೊಳೆಗೆ ಹಾರುವ ಮಕ್ಕಳ ಖುಷಿ. ನಡುಗುತ್ತಾ ನಗುತ್ತಿದ್ದೆ.

ಇನ್ನೊಂದು ಆಯಿತು. ಹುಣಸೆಮರದ ಕಡೆ ನಮ್ಮವರ ಮೊದಲ ಒದೆತ ಗೋಲಾಗಿ, ಈಗ ಲಾರೆನ್ಸನ ಕಡೆಯವನು ಚೆಂಡಿಟ್ಟು ಹಿಂದೆ ಸರಿಯುತ್ತಿದ್ದ. ಅಷ್ಟರಲ್ಲಿ ನನ್ನ ಕತ್ತು ಬಲಕ್ಕೆ ತಿರುಗಿತು. ಗೋಡೆಯ ಕಡೆ. ಗೋಣಿಚೀಲದ ಕಡೆ. ಅವನು ಪ್ರತಿ ಸಲ ಹೀಗೆ ತಿರುಗಿ ನೋಡುತ್ತಿದ್ದದ್ದು ನಾನು ಕಂಡಿದ್ದೆ, ಗಾಳಿ ನೋಡುತ್ತಾನೆ ಅಂದುಕೊಂಡಿದ್ದೆ. ಈಗ ಅವನ ಕಣ್ಣಿನ ಹಿಂದೆ ನಿಂತಿದ್ದೆ. ಅವನು ಹುಡುಕುತ್ತಿದ್ದದ್ದು ನನ್ನನ್ನು. ಅಲ್ಲಿ ಅತ್ತೆ ಒಬ್ಬರೇ ನನ್ನ ಬಳೆಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಅವರ ಪಕ್ಕದ ಗೋಣಿಚೀಲ ಖಾಲಿಯಿತ್ತು.

ಸೀಟಿ ಊದಿತು. ಅವರ ಮೊದಲ ಒದೆತ. ನಾನು ಎಡಕ್ಕೆ ಹಾರಿದೆ, ಚೆಂಡು ಬೆರಳ ತುದಿ ಸವರಿಕೊಂಡು ಒಳಗೆ ಹೋಯಿತು. ಮೈದಾನ "ಅಯ್ಯೋ" ಅಂತು. ನನಗೆ ಬೇಸರವೇ ಆಗಲಿಲ್ಲ. ನಾನು ಹಾರಿದ್ದೆನಲ್ಲ! ಮೂವತ್ತಾರು ವರ್ಷದ ಹೆಂಗಸು, ಸೀರೆಯುಟ್ಟು, ನೆಲ ಬಿಟ್ಟು ಅಡ್ಡಡ್ಡ ಹಾರಿದ್ದೆ!

ಆಮೇಲಿನದು ಒಂದು ಜಾತ್ರೆಯೇ. ನಮ್ಮಲ್ಲಿ ಬದಿ ಬದಲಾಯಿಸುವುದಿಲ್ಲವಾದ್ದರಿಂದ ನಮ್ಮವರು ಒದೆಯಬೇಕಾದಾಗ ಹುಣಸೆಮರದ ಕಡೆ, ಅವರು ಒದೆಯಬೇಕಾದಾಗ ಹೊಳೆಯ ಕಡೆ. ಪ್ರತಿ ಒದೆತಕ್ಕೂ ಇಡೀ ಜನಸಮುದ್ರ ಆ ತುದಿಯಿಂದ ಈ ತುದಿಗೆ ಓಡಿ ಬರುತ್ತಿತ್ತು. ಡೋಲಿನವರು ಬಡಿಯುತ್ತಲೇ ಓಡುತ್ತಿದ್ದರು. ಮದುಮಗ ಸೆರಗಿನ ಗಂಟು ಬಿಚ್ಚದೆ ಓಡಿ ಮದುಮಗಳನ್ನು ಬೀಳಿಸಿದ, ಅವಳು ಎದ್ದು ಅವನಿಗಿಂತ ಮುಂದೆ ಓಡಿದಳು. ರೆಫರಿ ಟೋಪಿ ಕಳೆದುಕೊಂಡರು. ನಮ್ಮ ಎರಡನೆಯದನ್ನು ಮಸ್ತಾನ್ ಹೊಡೆದ, ಗೋಲು. ಅವರದು ಎರಡನೆಯದು ಬಂತು. ನನ್ನ ಕಣ್ಣು ಚೆಂಡನ್ನು ಬಿಟ್ಟು ಒದೆಯುವವನು ನೆಲಕ್ಕೂರಿದ ಕಾಲನ್ನು ನೋಡುತ್ತಿತ್ತು. ಅದು ಹೊರಳಿದ ಕಡೆಗೆ ನನ್ನ ಮೈ ಹಾರಿತು, ಚೆಂಡು ಬಂದು ಎದೆಗೆ ಅಪ್ಪಳಿಸಿತು. ಅದನ್ನು ತಬ್ಬಿಕೊಂಡು ನೆಲದಲ್ಲಿ ಉರುಳಿದೆ. ಮಸ್ತಾನ್ ಓಡಿ ಬಂದು ಗೆರೆಯ ಹೊರಗೇ ನಿಂತು, "ಕೆಂಚಣ್ಣಾ!" ಅಂದ. ಅಂದವನು ನಾಲಗೆ ಕಚ್ಚಿಕೊಂಡು, "ಚೆಲುವಕ್ಕಾ!" ಅಂದ. "ಏನಂತಾದ್ರೂ ಕರಿಯೋ" ಅಂತ ನಾನು ಕೂಗಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಮೂರನೆಯದೂ ತಡೆದೆ, ಕಾಲಿನಿಂದ. ನಾಲ್ಕನೆಯದು ಒಳಗೆ ಹೋಯಿತು. ಅಷ್ಟರಲ್ಲಿ ನಮ್ಮವರಲ್ಲೂ ಇಬ್ಬರು ತಪ್ಪಿದ್ದರು. ಕೊನೆಗೆ ನಮ್ಮ ಐದನೆಯದನ್ನು ಶಿವಲಿಂಗು ಹೊಡೆದು ಒಂದು ಗೋಲು ಮುಂದಿಟ್ಟ. ಅವರಿಗೆ ಉಳಿದದ್ದು ಒಂದೇ ಒದೆತ. ಲಾರೆನ್ಸ್ ಹೊಡೆದರೆ ಮತ್ತೆ ಸಮ, ನಾನು ತಡೆದರೆ ನಾವು ಗೆದ್ದಂತೆ.

ಲಾರೆನ್ಸ್ ಚೆಂಡಿಡಲು ಬಗ್ಗಿದ. ಜನ ಓಡಿ ಬಂದು ಎರಡೂ ಬದಿಗೆ ಗೋಡೆಯ ಹಾಗೆ ನಿಂತರು. ಆ ಹೊತ್ತಿಗೆ ಸರಿಯಾಗಿ ನನ್ನ ಮಂಡಿಗಳ ನಡುಕ ನಿಂತಿತು.

ಸುಮ್ಮನೆ ನಿಂತುಬಿಟ್ಟಿತು. ಕೈ ಕಂಬ ತಟ್ಟಲಿಲ್ಲ. ತುಟಿ ಗೊಣಗಲಿಲ್ಲ. ಕತ್ತು ತಾನಾಗಿ ತಿರುಗಲಿಲ್ಲ. ಹೊಳೆಯ ಗಾಳಿ, ಕಾಲ ಕೆಳಗೆ ಹುಲ್ಲು, ಅಷ್ಟೇ. ಮುಗಿದಿತ್ತು. ಏಳು ವರ್ಷ ಕಾಯ್ದದ್ದು ನಾಲ್ಕು ಒದೆತಕ್ಕೆ ಮುಗಿದುಹೋಗಿತ್ತು. "ಇನ್ನೊಂದು, ಇನ್ನೊಂದೇ ಒಂದು" ಅಂತ ಒಳಗೇ ಕೂಗಿಕೊಂಡೆ. ಯಾರೂ ಬರಲಿಲ್ಲ. ನನ್ನ ಗಂಟಲಿಗೆ ನನ್ನದೇ ಹೆದರಿಕೆ ಬಂದು ಕೂತಿತು. ಯಾವ ಕಾಲು ನೋಡಬೇಕು, ಯಾವ ಕಡೆ ಹಾರಬೇಕು ಒಂದೂ ತಿಳಿಯಲಿಲ್ಲ. ಈಗ ಅಲ್ಲಿ ನಿಂತಿದ್ದವಳು ಜೀವಮಾನದಲ್ಲಿ ಚೆಂಡು ಮುಟ್ಟಿರದ ಚೆಲುವಿ. ಗೆರೆ ದಾಟಿ ಓಡಿಹೋಗಿಬಿಡಲೇ ಅನ್ನಿಸಿತು. ಸುಳ್ಳೇಕೆ ಹೇಳಲಿ, ಒಂದು ಹೆಜ್ಜೆ ಎತ್ತಿಯೂ ಆಗಿತ್ತು.

ಲಾರೆನ್ಸ್ ತಲೆಯೆತ್ತಿ ನನ್ನ ಮುಖ ನೋಡಿದ. ಅವನಿಗೆ ಗೊತ್ತಾಯಿತು ಅಂತ ಕಾಣುತ್ತೆ. ನಗಲಿಲ್ಲ. ಹಿಂದೆ ಸರಿದು, ಓಡಿ ಬಂದು, ಮಾತು ಕೊಟ್ಟಿದ್ದ ಹಾಗೆ ಇದ್ದಬದ್ದ ಬಲವೆಲ್ಲ ಹಾಕಿ ಒದ್ದ.

ನಾನು ಹಾರಲಿಲ್ಲ. ಎಲ್ಲಿಗೆ ಹಾರಲಿ? ಎರಡೂ ಕೈ ಅಗಲಿಸಿ, ಕಣ್ಣು ಬಿಟ್ಟುಕೊಂಡು, ಮನೆ ಬಾಗಿಲಿಗೆ ಅಡ್ಡ ನಿಂತ ಹಾಗೆ ನಿಂತೆ. ಚೆಂಡು ನೆಟ್ಟಗೆ ಬಂದು ನನ್ನ ಮುಖಕ್ಕೆ ಬಿತ್ತು. ಮಿಂಚು ಹೊಡೆದ ಹಾಗಾಯಿತು. ಬೆನ್ನ ಮೇಲೆ ಬಿದ್ದವಳಿಗೆ ಆಕಾಶ ಕಂಡಿತು, ಅದರಲ್ಲಿ ಚೆಂಡು ಕಂಡಿತು, ಮೇಲೆ ಮೇಲೆ ಹೋಗಿ, ಕಂಬದ ಮೇಲಿನ ಅಡ್ಡಪಟ್ಟಿಗೆ ಬಡಿದು, ಗೋಲಿನ ಮೇಲಿಂದ ಹಿಂದಕ್ಕೆ ಸಿಡಿದು ಹೊಳೆಯಲ್ಲಿ ಬಿದ್ದ ಸದ್ದು ಕೇಳಿಸಿತು.

ಆಮೇಲೆ ಕೇಳಿಸಿದ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ಊರಿಗೆ ಊರೇ ಸುಣ್ಣದ ಗೆರೆ ದಾಟಿ ನುಗ್ಗಿತು. ಏಳು ವರ್ಷ ಯಾರೂ ಕಾಲಿಡದ ಜಾಗದಲ್ಲಿ ಇನ್ನೂರು ಜನ ಕುಣಿದರು. ನನ್ನ ಮೂಗಿನಿಂದ ರಕ್ತ ಸುರಿಯುತ್ತಿತ್ತು, ಹಲ್ಲು ಅಲ್ಲಾಡುತ್ತಿತ್ತು, ನಾನು ನಗುತ್ತಿದ್ದೆ. ಮೊದಲು ನನ್ನನ್ನು ಎತ್ತಿದವನು ಲಾರೆನ್ಸ್. ಕೂಸಿನ ಹಾಗೆ ಹೆಗಲ ಮೇಲೆ ಕೂರಿಸಿಕೊಂಡ. "ಇದು ಕೆಂಚ ಅಲ್ಲ. ಅವನಾಗಿದ್ರೆ ಎಡಕ್ಕೆ ಹಾರ್ತಿದ್ದ, ನಾನು ಗೋಲು ಹೊಡೀತಿದ್ದೆ. ಇದು ನೀವು!" ಅಂತ ಕೂಗಿದ. ಕೂಗುತ್ತಾ ಅಳುತ್ತಿದ್ದ. ಅವನ ತಲೆಗೂದಲಿಗೆಲ್ಲ ನನ್ನ ಮೂಗಿನ ರಕ್ತ.

ಕಪ್ಪು, ಹಾರ, ಭಾಷಣ ಎಲ್ಲ ಮುಗಿಸಿ ನಾನೂ ಅತ್ತೆಯೂ ಮನೆ ಕಡೆ ಹೊರಟಾಗ ಇನ್ನೂ ಬಿಸಿಲಿತ್ತು. ದೋಣಿಗಳು ಹಿಂದಿರುಗುತ್ತಿದ್ದವು, ಸೋತವರೂ ಡೋಲು ಬಡಿಯುತ್ತಲೇ ಇದ್ದರು. ಮೂಗಿಗೆ ಒದ್ದೆ ಬಟ್ಟೆ ಹಿಡಿದು ನಾನು ನಡೆಯುತ್ತಿದ್ದೆ. ಬಾವಿಯ ತಿರುವಿಗೆ ಬಂದಾಗ ಅತ್ತೆ, ಬೇರೆ ಊರಿಗೆ ಹೋಗಿ ಯಾರನ್ನೋ ನೋಡಿ ಬಂದವರನ್ನು ಕೇಳುವ ಹಾಗೆ ಕೇಳಿದರು:

"ಹೇಗಿದಾನೆ?"

ನಾನು ನಿಂತೆ. "ಚೆನ್ನಾಗಿದಾನೆ ಅತ್ತೆ."

"ಹೆದರ್ತಿದ್ನಾ?"

ಇಲ್ಲ ಅನ್ನಬಹುದಿತ್ತು. ಊರೆಲ್ಲ ಅವರಿಗೆ ಅದನ್ನೇ ಹೇಳುತ್ತಿತ್ತು. ಅವರ ಮುಖ ನೋಡಿದೆ. ಸುಳ್ಳು ಹೇಳಲಾಗಲಿಲ್ಲ.

"ತುಂಬಾ ಹೆದರ್ತಿದ್ದ ಅತ್ತೆ. ಒಂದೊಂದು ಚೆಂಡಿಗೂ. ಮಂಡಿ ಗಡಗಡ ಅಂತಿತ್ತು."

ಅತ್ತೆ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ತಪ್ಪು ಮಾಡಿದೆನೇನೋ ಅಂತ ಗಾಬರಿಯಾಯಿತು. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಸದ್ಯ" ಅಂದರು. "ಸದ್ಯ ಕಣೇ. ಬಂದವರೆಲ್ಲ ನಿನ್ನ ಮಗನಿಗೆ ಭಯಾನೇ ಇರಲಿಲ್ಲ, ಭಯಾನೇ ಇರಲಿಲ್ಲ ಅಂತ ಹೇಳಿ ಹೇಳಿ, ಯಾರ ಮಗನ ವಿಷಯ ಹೇಳ್ತಿದಾರೋ ಅನ್ನಿಸಿಬಿಟ್ಟಿತ್ತು. ನನ್ನ ಕೆಂಚ ಗುಡುಗಿಗೆ ನನ್ನ ಸೆರಗಿನೊಳಗೆ ನುಗ್ಗುತ್ತಿದ್ದೋನು. ಅವನು ಆ ಬೆಟ್ಟ ಹತ್ತುವಾಗ ಹೆದರಿರ್ತಾನೆ ಅಂತ ನಂಗೊಬ್ಬಳಿಗೇ ಗೊತ್ತಿತ್ತು. ಯಾರ ಹತ್ರ ಹೇಳಲಿ?" ನನ್ನ ಕಡೆ ತಿರುಗಿ, "ನಡುಗ್ತಾ ಇದ್ರೂ ನಿಂತೇ ಇದ್ನಾ?" ಅಂದರು.

"ನಿಂತೇ ಇದ್ದ. ನಗ್ತಾ ಇದ್ದ."

"ಹೇಗೆ ನಡುಗ್ತಿದ್ದ? ತೋರಿಸು."

"ಇಲ್ಲೇನಾ ಅತ್ತೆ? ಜನ ಓಡಾಡ್ತಿದಾರೆ."

"ಜನ ಇದ್ರೆ ನೋಡ್ಲಿ. ತೋರಿಸೇ."

ನಡುಬೀದಿಯಲ್ಲಿ, ಕೊರಳಲ್ಲಿ ಚೆಂಡುಹೂವಿನ ಹಾರ, ಮೂಗಿನಲ್ಲಿ ಬಟ್ಟೆಯ ಚೂರು, ನಾನು ಸೀರೆಯನ್ನು ಮಂಡಿ ಕಾಣುವವರೆಗೆ ಎತ್ತಿ ಹಿಡಿದೆ. ಅದು ಇನ್ನು ತಾನಾಗಿ ಬರುವ ಹಾಗಿರಲಿಲ್ಲ, ನೆನಪು ಮಾಡಿಕೊಂಡು ಮಾಡಬೇಕಿತ್ತು. ಎರಡೂ ಮಂಡಿ ಬಡಿದುಕೊಳ್ಳುವ ಹಾಗೆ ನಡುಗಿಸಿದೆ. ಅತ್ತೆ ತಲೆ ಓರೆ ಮಾಡಿ ಗಮನವಿಟ್ಟು ನೋಡಿದರು.

"ಇನ್ನೂ ಜೋರಾಗಿರಬೇಕು" ಅಂದರು. "ಅವನಪ್ಪನೂ ಹಾಗೇ. ಇನ್ನೂ ಜೋರಾಗಿ ಮಾಡು."

ನಾನು ಇನ್ನೂ ಜೋರಾಗಿ ಮಾಡಿದೆ.